ನೆಟಿಗೆ ತೆಗೆಯದ ಕತ್ತು

೧೯೭೮ರ ಮಾಗಿಯ ಆ ಬೆಳಗ್ಗೆ ಕೊಡಿಗೇಹಳ್ಳಿಯಲ್ಲಿ ಎದುರಿನ ಮನುಷ್ಯ ಕಾಣದಷ್ಟು ಮಂಜು. ಹಿಂದಿನ ದಿನ ಸೈಕಲ್ಲಿನಿಂದ ಬಿದ್ದು ನನ್ನ ಕತ್ತು ಹಿಡಿದುಕೊಂಡಿತ್ತು. ಶಿವನನ್ನು ನೆನೆದು ಕ್ಷೌರದ ಮುನಿಹನುಮಯ್ಯನ ಮುಂದೆ ಕುಳಿತು, "ಕತ್ತಿಗೊಂದು ನೆಟಿಗೆ ತೆಗಿಯಯ್ಯಾ" ಎಂದೆ.

ಅವನು ಎರಡೂ ಕೈಯಲ್ಲಿ ನನ್ನ ಗದ್ದ ಹಿಡಿದ. ತಿರುಗಿಸುವ ಮೊದಲೇ ಪಕ್ಕದ ಖಾಲಿ ಕುರ್ಚಿಯಿಂದ 'ಲಟಕ್' ಎಂದು ಕೇಳಿಸಿತು. ದೇವರಾಣೆ, ಆಗ ನನ್ನ ಗದ್ದದ ಮೇಲೆ ಮೂರು ಕೈಗಳಿದ್ದವು, ಮೂರನೆಯದು ತಣ್ಣಗಿತ್ತು.

ಮುನಿಹನುಮಯ್ಯ ಕೈಬಿಟ್ಟ. "ಎದರ್ಬೇಡಿ ಸ್ವಾಮಿ, ವೀರಬಸಪ್ಪನೋರು. ಓದ್ವರ್ಷ ಆ ಕುರ್ಚೀಲೇ ಅವರ ಕತ್ತು ಇಂಗೇ ತಿರುಗಿಸ್ದೆ. ಒಳಗಡೆ ರಕ್ತನಾಳ ಸೀಳಿ, ಮಿದುಳಲ್ಲಿ ರಕ್ತ ಕಟ್ಕೊಂಡು, ಮೂರನೇ ದಿನ ಲಕ್ವ ಬಡೀತು. ಓಗ್ಬಿಟ್ರು."

"ಗೊತ್ತಿದ್ದೂ ನನ್ನ ಕತ್ತಿಗೆ ಕೈ ಹಾಕಿದ್ಯಲ್ಲಯ್ಯಾ!"

"ಗಿರಾಕಿ ಕೇಳಿದ್ರೆ ಇಲ್ಲ ಅನ್ನೋಕಾಯ್ತದಾ? ಏಳಿ, ಆಸ್ಪತ್ರೆಗೋಗಿ. ವೀರಬಸಪ್ಪನೋರು ಬೈಯೋಕ್ ಶುರು ಮಾಡಿದ್ರೆ ನಿಲ್ಸಲ್ಲ."

ಆಸ್ಪತ್ರೆಯಲ್ಲಿ ಸೈಕಲ್ಲಿನಿಂದ ಬಿದ್ದಾಗಲೇ ನನ್ನ ಕತ್ತಿನ ರಕ್ತನಾಳವೂ ಒಳಗೆ ಸೀಳಿದೆ, ತಿರುಗಿಸಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಹದಿನೈದು ದಿನ ಮಲಗಿಸಿಕೊಂಡು ಕಳಿಸಿದರು.

ಬದುಕಿದ ಸುದ್ದಿ ಹೇಳಲು ಹೋದಾಗ ಮುನಿಹನುಮಯ್ಯ ಆ ಖಾಲಿ ಕುರ್ಚಿಯೆದುರು ನಿಂತು ಗಾಳಿಗೆ ನೊರೆ ಹಚ್ಚುತ್ತಿದ್ದ.

"ಅವತ್ತು ಕತ್ತು ನೋವು ಅಂತ ಕ್ಷೌರ ಅರ್ಧಕ್ಕೇ ಬಿಟ್ಟು ಎದ್ದೋದ್ರು. ಬಲಗೆನ್ನೆ ಬಾಕಿ ಉಳೀತು," ಎಂದು ಮೆಲ್ಲಗೆ ಕ್ಷೌರದ ಕತ್ತಿ ಆಡಿಸಿ, ಕಾಗದಕ್ಕೆ ಒರೆಸಿದ.

ನೊರೆಯಲ್ಲಿ ಬಿಳಿಯ ಗಡ್ಡದ ಕೂದಲಿತ್ತು.