ಕಂಬಳಿ ಸುತ್ತಿದ ಮೈಕು

ಹೆಡ್‌ಫೋನಿನಲ್ಲಿ ಬರೀ ಗಾಳಿ. ಗಾಳಿಯ ಹಿಂದೆ ಎಲ್ಲೋ ಒಂದು ಆಡು.

"ಎಪ್ಪಡಿ ಇರುಕ್ಕು, ಕ್ಯಾಮೆರಾ ಸಾರ್?" ಹೇಗಿದೆ ಎಂದು ಭಾಗ್ಯಲಕ್ಷ್ಮಿ ತಮಿಳಿನಲ್ಲಿ ಕೇಳಿದಳು. ಹೆಲ್ಮೆಟ್ ತೆಗೆದಿದ್ದಳು. ಅದರ ಅಂಚು ಒತ್ತಿದ ಕೆಂಪು ಗೆರೆ ಹಣೆಯ ಮೇಲೆ ಉಳಿದಿತ್ತು. ಸರವಣನ್ ಆ ಗೆರೆಯನ್ನೇ ನೋಡುತ್ತ ಹೆಡ್‌ಫೋನನ್ನು ಅವಳಿಗೆ ಕೊಟ್ಟ.

ಅವಳು ಗಂಭೀರವಾಗಿ ಕೇಳಿಸಿಕೊಂಡಳು. "ಆಡು ಸೈಕಲ್ಲು ಚೆನ್ನಾಗಿ ಓಡಿಸುತ್ತೆ," ಎಂದಳು, ಅದೂ ತಮಿಳಿನಲ್ಲೇ. ಅವರಿಬ್ಬರ ನಡುವೆ ಬೇರೆ ಭಾಷೆ ಇರಲಿಲ್ಲ.

ಅವನಿಗೆ ನಗು ಬರಲಿಲ್ಲ. ತಪ್ಪು ಅವನದು. ಊಟಿಯಲ್ಲಿ ಬೆಟ್ಟದ ಸೈಕಲ್ ಓಟಕ್ಕೆ ತರಬೇತಿ ಕೊಡುವ ಕೋಚ್ ಶೇಖರ್ ಅವರ ಕ್ಯಾಂಪಿನಲ್ಲಿ ಹುಡುಗಿಯರಿಗೆ ಒಂದೇ ಸೀಟು ಉಳಿದಿತ್ತು. ಅವಳು ಪಾಲಮಲೆಯ ಇಳಿಜಾರಿನಲ್ಲಿ ಇಳಿಯುವುದನ್ನು ಸರವಣನ್ ಅಂದವಾಗಿ ಚಿತ್ರಿಸಿ, ಮದುವೆ ವಿಡಿಯೊಗಳಿಗೆ ಹಾಕುವ ಹಾಗೆ ಒಂದು ಹಾಡು ಸೇರಿಸಿ ಕಳಿಸಿದ್ದ. ಉತ್ತರ ಬಂತು: ಹಾಡು ಬೇಡ. ಅವಳು ಬ್ರೇಕ್ ಎಲ್ಲಿ ಹಿಡಿಯುತ್ತಾಳೆ, ಎಲ್ಲಿ ಬಿಡುತ್ತಾಳೆ ಎಂದು ನನಗೆ ಕೇಳಿಸಬೇಕು. ಮೇಲಿನಿಂದ ಕೆಳಗಿನವರೆಗೆ ಒಂದೇ ಶಾಟ್, ಸದ್ದಿಗೂ ಕತ್ತರಿ ಹಾಕಬಾರದು. ಭಾನುವಾರ ಸಂಜೆ ಕೊನೆ.

ಇಡೀ ಇಳಿಜಾರು ಒಂದೇ ನೋಟಕ್ಕೆ ಸಿಗುವುದು ಎದುರು ಗುಡ್ಡದಿಂದ ಮಾತ್ರ. ಸದ್ದನ್ನೂ ಅಲ್ಲಿಂದಲೇ ಹಿಡಿದಿದ್ದ. ಲೆನ್ಸ್ ದೂರದ ಮುಖವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಸದ್ದನ್ನು ಹಾಗೆ ಎಳೆಯಲಾಗದು. ಅದು ದಾರಿಯುದ್ದಕ್ಕೂ ಹರಡಿ, ತೆಳುವಾಗಿ, ತಡವಾಗಿ ಬರುತ್ತದೆ. ಸೇಲಂನಲ್ಲಿ ಭೌತಶಾಸ್ತ್ರ ಓದಿದವನಿಗೆ ಇದು ಗೊತ್ತಿರಬೇಕಿತ್ತು. ಕಣ್ಣು ದೂರ ನಿಲ್ಲಬಹುದು, ಕಿವಿ ಹತ್ತಿರವೇ ಹೋಗಬೇಕು.

ಹಾಗಾಗಿ ಶನಿವಾರ ಬೆರಳುದ್ದದ ರೆಕಾರ್ಡರನ್ನು ಅವಳ ಹೆಲ್ಮೆಟ್ಟಿಗೆ ಅಂಟಿಸಿದ. ಅದು ಇನ್ನೂ ಕೆಟ್ಟಿತು. ವೇಗ ಹೆಚ್ಚಿದಂತೆ ಗಾಳಿ ಮೈಕಿಗೆ ಬಡಿದು ಲಾರಿಯಂತೆ ಗುಡುಗಿತು.

"ಬೆನ್ನ ಹಿಂದೆ, ಸೊಂಟದ ಹತ್ತಿರ ಇಡೋಣ. ಅಲ್ಲಿ ಗಾಳಿ ನೇರವಾಗಿ ಬಡಿಯಲ್ಲ," ಎಂದ ಸರವಣನ್. "ಮೇಲೆ ಏನಾದರೂ ಉಣ್ಣೆಯದು ಸುತ್ತಬೇಕು."

ಅವಳ ಅಣ್ಣ ಮುನಿರಾಜು ಜೀಪಿನ ಸೀಟಿನಿಂದ ಹಳೆಯ ಕಂಬಳಿ ಎಳೆದು ತಂದ. ಧರ್ಮಪುರಿ ಕಡೆಯ ಕುರಿ ಸಾಕುವ ಮನೆಯವರು ಅವರು; ಕಂಬಳಿಯಿಲ್ಲದೆ ಎಲ್ಲಿಗೂ ಹೊರಡುವುದಿಲ್ಲ. ಭಾಗ್ಯಲಕ್ಷ್ಮಿ ಅದರ ಮೂಲೆ ಕತ್ತರಿಸಿ ಮೈಕಿಗೆ ಸುತ್ತಿದಳು. ಸರವಣನ್ ದಾರ ಕಟ್ಟಿದ. ಕಟ್ಟುವಾಗ ಅವಳ ಹೆಬ್ಬೆರಳು ದಾರದ ಕೆಳಗೆ ಸಿಕ್ಕಿಕೊಂಡಿತು. ಅವಳೂ ಎಳೆದುಕೊಳ್ಳಲಿಲ್ಲ, ಅವನೂ ಬಿಡಿಸಲಿಲ್ಲ.

"ನನ್ನನ್ನೂ ಸೇರಿಸಿ ಕಟ್ಟಿದಿರಿ, ಸಾರ್," ಎಂದಳು ಕೊನೆಗೆ.

ಭಾನುವಾರ ಮಧ್ಯಾಹ್ನ ಅವನು ಎದುರು ಗುಡ್ಡದ ಮೇಲೆ ಲೆನ್ಸಿಗೆ ಕಣ್ಣಿಟ್ಟು ನಿಂತ. ಆ ಕಡೆ ಅಣ್ಣ ತಂಗಿ ಏನೋ ಮಾತಾಡುತ್ತಿದ್ದರು. ತುಟಿ ಕಾಣುತ್ತಿತ್ತು, ಅಷ್ಟೇ. ಚಿತ್ರಕ್ಕೂ ಸದ್ದಿಗೂ ಜೋಡಿ ಕೂಡಿಸಲು ಅವಳು ಕ್ಯಾಮೆರಾದತ್ತ ತಿರುಗಿ ಒಮ್ಮೆ ಚಪ್ಪಾಳೆ ತಟ್ಟಿದಳು. ಹೊರಟಳು.

ಎರಡು ತಿರುವು, ಒಣಗಿದ ಹಳ್ಳ, ಆಮೇಲೆ ಆನೆಗುಂಡು. ಆ ಬಂಡೆಯನ್ನು ಅವಳು ಯಾವಾಗಲೂ ಬ್ರೇಕ್ ಹಿಡಿದು ಬಳಸಿ ಹೋಗುತ್ತಿದ್ದಳು. ಇಂದು ಬಳಸಲಿಲ್ಲ. ಸೈಕಲ್ಲು ಆಕಾಶಕ್ಕೆ ಎದ್ದಿತು. ಸರವಣನ್ ಲೆನ್ಸನ್ನು ಅವಳ ಜೊತೆಗೇ ಎತ್ತಿದ. ಚಕ್ರಗಳು ನೆಲಕ್ಕೆ ತಾಗಿ ಧೂಳು ಎದ್ದ ಮೇಲೆ ಆ ಸದ್ದು ಅವನನ್ನು ಮುಟ್ಟಿತು. ಅವಳು ಬಿದ್ದಿರಲಿಲ್ಲ.

ಕೆಳಗೆ ಜೀಪಿನ ನೆರಳಿನಲ್ಲಿ ಅವನು ಹೆಡ್‌ಫೋನ್ ಹಾಕಿಕೊಂಡ. ಭಾಗ್ಯಲಕ್ಷ್ಮಿ ಪಕ್ಕದಲ್ಲಿ ಕುಳಿತು ನೀರು ಕುಡಿಯುತ್ತಿದ್ದಳು. ಮೊದಲು ಮುನಿರಾಜುವಿನ ದನಿ, ಕನ್ನಡದಲ್ಲಿ.

"ಏನಮ್ಮಿ, ಕೈ ನಡುಗ್ತೈತೆ? ಗುಂಡು ಆರ್ಬೇಕು ಅಂತಲಾ?"

"ಗುಂಡಿಗಲ್ಲಣ್ಣ. ಆ ಕಡೆ ನಿಂತವ್ನಲ್ಲ, ಅವ್ನಿಗೆ."

"ಅಷ್ಟು ಇಷ್ಟ ಇದ್ರೆ ಯೋಳ್ಬಿಡು."

"ತಮಿಳಲ್ಲಿ ಯೋಳಕ್ಕೆ ಬಾಯೇ ಬರಲ್ಲ ಕಣಣ್ಣ. ಸೈಕಲ್ಲು, ಬ್ರೇಕು, ಟೀ ಎಲ್ಲಾ ಬರ್ತೈತೆ. ಇದೊಂದು ಬರಲ್ಲ."

ಚಪ್ಪಾಳೆ. ಸರಪಳಿ, ಜಲ್ಲಿ, ಬ್ರೇಕಿನ ಸಣ್ಣ ಕೀರಲು, ಅವಳ ಉಸಿರು, ಎಲ್ಲವೂ ಅಂಗೈಯಲ್ಲಿಟ್ಟಷ್ಟು ಸ್ಪಷ್ಟ. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಧಡ್. ಅದರ ಹಿಂದೆಯೇ ಏದುಸಿರಿನಲ್ಲಿ, ಯಾರಿಗೂ ಅಲ್ಲದಂತೆ: "ಬೀಳ್ಲಿಲ್ಲ ಕಣೋ ಸರವಣ. ಇನ್ನು ನೀನು ನನ್ನೋನು."

ಎಡಪ್ಪಾಡಿಯ ಮಗ್ಗದ ಮನೆಯಲ್ಲಿ ಅವನ ಅವ್ವ ಅವನನ್ನು ಊಟಕ್ಕೆ ಕರೆಯುವುದು ಇದೇ ಕನ್ನಡದಲ್ಲಿ. ಇಷ್ಟು ದಿನ ಅವನು ಗುಡ್ಡದಾಚೆ ನಿಂತು ಅವಳನ್ನು ನೋಡಿದ್ದ. ಅವನೆದುರು ಅಣ್ಣ ತಂಗಿ ತಮಿಳಿನಲ್ಲೇ ಮಾತಾಡುತ್ತಿದ್ದರು; ಅವರಿಬ್ಬರೇ ಆಡುವ ಮಾತು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

"ಬ್ರೇಕ್ ಕೇಳುತ್ತಾ?" ಎಂದಳು ತಮಿಳಿನಲ್ಲಿ.

"ಕೇಳ್ತೈತೆ," ಎಂದ ಅವನು. "ಉಸ್ರೂ ಕೇಳ್ತೈತೆ. ಮಿಕ್ಕಿದ್ದೂ ಕೇಳ್ತು."

ಬಾಟಲಿ ಅವಳ ತುಟಿಯ ಹತ್ತಿರವೇ ನಿಂತಿತು. ಕಿವಿಯ ತುದಿಯಿಂದ ಶುರುವಾದ ಕೆಂಪು ಕುತ್ತಿಗೆಗೆ ಇಳಿಯಿತು.

"ಇದ್ನ ಎಲ್ಲಿ ಕಲ್ತೆ?"

"ಅವ್ವನತ್ರ."

"ಕಳ್ಳ. ಒಂದ್ ಸಲನಾದ್ರೂ ಬಾಯಿ ಬಿಡ್ಬಾರ್ದಾ?"

"ನೀನ್ಯಾವತ್ತು ಬಿಟ್ಟೆ?"

ಅವಳು ಮೊಣಕೈಯಿಂದ ಅವನ ಪಕ್ಕೆಗೆ ತಿವಿದಳು, ಮತ್ತೆ ಆ ಮೊಣಕೈಯನ್ನು ಅಲ್ಲೇ ಇಟ್ಟಳು.

ಆದರೆ ಸದ್ದಿಗೆ ಕತ್ತರಿ ಹಾಕುವಂತಿರಲಿಲ್ಲ. "ಬಿಸ್ಲು ಇನ್ನೂ ಐತೆ," ಎಂದ ಅವನು ಮೆಲ್ಲಗೆ. "ಇನ್ನೊಂದ್ ಸಲ ಇಳಿ. ಬಾಯಿ ಮುಚ್ಕೊಂಡು."

ಅವಳು ಆನೆಗುಂಡಿನ ಕಡೆ ನೋಡಿದಳು. "ಆರಿದ್ದೂ ನಿಜ, ಅಂದಿದ್ದೂ ನಿಜ. ಅಂಗೇ ಕಳ್ಸು."

ಸಿಗ್ನಲ್ ಸಿಗುವುದು ಕೆಳಗೆ ಕೊಳತ್ತೂರಿನಲ್ಲಿ. ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ವಿಡಿಯೊ ಕಳಿಸಿದರು. ಎರಡನೇ ಟೀ ಬರುವಷ್ಟರಲ್ಲಿ ಅವಳ ಫೋನು ಮೊಳಗಿತು. ಸ್ಪೀಕರಿನಲ್ಲಿ ಕೋಚ್ ಶೇಖರ್, ತಮಿಳಿನಲ್ಲಿ.

"ಆ ಬಂಡೆಯ ಮೇಲೆ ನೀನು ಬ್ರೇಕ್ ಮುಟ್ಟಲೇ ಇಲ್ಲ. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ಸೀಟು ನಿನ್ನದು."

ಮುನಿರಾಜು ಟೀ ಲೋಟವನ್ನು ತಲೆಯ ಮೇಲೆತ್ತಿದ. ಅರ್ಧ ಟೀ ಅವನ ಅಂಗಿಯ ಮೇಲಾಯಿತು. ಭಾಗ್ಯಲಕ್ಷ್ಮಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಒಂದು ಕಣ್ಣು ಸರವಣನ್‌ನನ್ನೇ ನೋಡುತ್ತಿತ್ತು.

"ಒಂದು ಪ್ರಶ್ನೆ," ಎಂದಿತು ಫೋನು. "ನೆಲಕ್ಕೆ ಇಳಿದ ಕೂಡಲೇ ಏನೋ ಹೇಳಿದೆ. ಕನ್ನಡವಾ? ಏನರ್ಥ?"

ಅಂಗಡಿಯವನು ಸೌಟು ಹಿಡಿದು ನಿಂತ. ಅವಳು ಕೈ ಕೆಳಗಿಳಿಸಿದಳು, ಬೆನ್ನು ನೆಟ್ಟಗೆ ಮಾಡಿದಳು, ತಮಿಳಿನಲ್ಲಿ ಒಂದೂ ತೊದಲದೆ ಹೇಳಿದಳು: "ಬೀಳಲಿಲ್ಲ, ಇನ್ನು ನೀನು ನನ್ನವನು ಅಂದೆ, ಸಾರ್. ಈ ವಿಡಿಯೊ ತೆಗೆದವನಿಗೆ."

ಫೋನು ಕೇಳಿತು: "ಅವನೇನಂತಾನೆ?"

ಅವಳು ಫೋನನ್ನು ಸರವಣನ್‌ನ ಬಾಯಿಯ ಹತ್ತಿರಕ್ಕೆ, ತೀರಾ ಹತ್ತಿರಕ್ಕೆ ಹಿಡಿದಳು. ಕೈ ನಡುಗುತ್ತಿರಲಿಲ್ಲ.

"ಯೋಳ್ಲಾ," ಎಂದ ಮುನಿರಾಜು ಅಂಗಿ ಒರೆಸಿಕೊಳ್ಳುತ್ತ, "ಟೀ ಆರ್ತೈತೆ."

"ನಾನು ಅವ್ಳೋನೇ," ಎಂದ ಸರವಣನ್, ಕನ್ನಡದಲ್ಲಿ.

ಅದಕ್ಕೇನರ್ಥ ಎಂದು ಫೋನು ಮತ್ತೆ ಕೇಳಿತು. ಅವಳು ಅವನ ಭುಜಕ್ಕೆ ಹಣೆಯಿಟ್ಟು ನಗುತ್ತಿದ್ದಳು, ಅರ್ಥ ಹೇಳಲು ಬಿಡುವಿರಲಿಲ್ಲ.