ಬಟ್ಟೆ ತಂತಿಗೆ ಕಟ್ಟಿದ ಮಾತು

ಒಂದು ಗಳಿಗೆ ಕೂತು ಇದನ್ನು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೈಯಿರಿ.

೧೯೮೩ರ ಮಾರ್ಚ್ ಹದಿನಾಲ್ಕು. ಬಸವಾಪಟ್ಟಣ ಠಾಣೆಯ ಎಸ್ಸೈ ಯರ್ರಿಸ್ವಾಮಿ ಟೀ ಲೋಟ ಕೆಳಗಿಡುವ ಮೊದಲೇ ತ್ಯಾವಣಿಗೆಯ ಸರ್ವಮಂಗಳಮ್ಮ ಎದುರು ಬಂದು ನಿಂತಳು.

"ಸಾಹೇಬ್ರೇ, ಅಡಿಗೆಮನೇಲಿ ನಾನಾಡಿದ ಮಾತು ಗಿಡ್ಡಪ್ಪನ ಹೋಟ್ಲು ರೇಡಿಯೋದಾಗೆ ಬಂದೈತೆ."

ಪೇದೆ ಗೋಣೆಪ್ಪ ಕಿಸಕ್ಕೆಂದ. "ಆಕಾಶವಾಣಿಯೋರು ಕರೆಸಿದ್ರೇನಮ್ಮಾ?"

"ನಗ್ರಿ. ಊರೇ ನಗ್ತೈತೆ."

"ಏನು ಮಾತು?" ಎಂದ ಯರ್ರಿಸ್ವಾಮಿ.

ಅವಳು ಗೋಡೆ ನೋಡಿಕೊಂಡು ಹೇಳಿದಳು. "ಮಕ್ಕಳಾಗದಿರೋ ದೋಷ ನಂದಲ್ಲ, ನಮ್ಮನೆಯವ್ರದ್ದು ಅಂತ ಡಾಕ್ಟ್ರು ಹೇಳಿದ್ದು. ಯಾರಿಗೂ ಹೇಳಬ್ಯಾಡ ಅಂತ ನಮ್ಮನೆಯವ್ರೇ ಕಾಲು ಹಿಡಿದಿದ್ರು. ಎಂಟು ವರ್ಷ ಬಂಜೆ ಅನ್ನಿಸ್ಕೊಂಡೆ. ಮೊನ್ನೆ ತಂಗಿ ಹತ್ರ ಒಂದ್ಸಲ ಬಾಯಿ ಬಿಟ್ಟೆ. ಗಂಡನ ಮಾನ ಕಳೆದೋಳು ಅಂತ ಅತ್ತೆ ಹೊರಗೆ ಹಾಕ್ಯಾರೆ."

ಗೋಣೆಪ್ಪನ ನಗು ನಿಂತಿತು. ಮನೆಯೊಳಗೆ ಯಾರೋ ಲೈಸೆನ್ಸಿಲ್ಲದ ವೈರ್‌ಲೆಸ್ ಸಾಧನ ಅಡಗಿಸಿಟ್ಟಿದ್ದಾರೆಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಮನೆ ತಪಾಸಣೆ. ಎದುರಿನ ತನ್ನ ಗೊಬ್ಬರದ ಅಂಗಡಿಯಿಂದ ರಸ್ತೆ ದಾಟಿ ಬಂದ ಗಂಡ ಮಲ್ಲಿಕಾರ್ಜುನಪ್ಪ ಬಾಗಿಲಲ್ಲೇ ತಡೆದ. "ಆಗದೋರು ಯಾರೋ ಮಾಡ್ಯಾರೆ, ಬಿಡ್ರೀ. ಕೇಸು ಯಾಕೆ?"

ಅಡಿಗೆಮನೆಯ ಅಟ್ಟದಲ್ಲಿ, ಹಪ್ಪಳದ ಡಬ್ಬಿಯ ಹಿಂದೆ, ಒಂದು ಸೋಪಿನ ಪೆಟ್ಟಿಗೆ. ಒಳಗೆ ಸೆಲ್ಲು, ಪುಟ್ಟ ಮೈಕು, ದನಿಯನ್ನು ರೇಡಿಯೋಗೆ ಬಿಡುವ ಸರ್ಕ್ಯೂಟು. ಅದರಿಂದ ಹೊರಟ ತಂತಿ ಕಿಟಕಿ ಹಾದು ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ತಂತಿಗೆ ಸುತ್ತಿಕೊಂಡಿತ್ತು. ಗಿಡ್ಡಪ್ಪನನ್ನು ಪಂಚನಾಗಿಸಿಕೊಂಡು ಪಂಚನಾಮೆ ಬರೆಸಿದ ಯರ್ರಿಸ್ವಾಮಿ, ಗೋಣೆಪ್ಪನನ್ನು ಅಟ್ಟದ ಕೆಳಗೆ ಕೂರಿಸಿದ.

"ಸುಮ್ನೆ ಮಾತಾಡ್ತಿರು."

ಯರ್ರಿಸ್ವಾಮಿ ಗಿಡ್ಡಪ್ಪನ ಟ್ರಾನ್ಸಿಸ್ಟರ್ ಹಿಡಿದು ಹೋಟೆಲಿನವರೆಗೆ ನಡೆದ. ಗೋಣೆಪ್ಪನ ದನಿ ಅಲ್ಲೂ ಖಡಕ್ಕಾಗಿತ್ತು. ಹಿಂದಿರುಗಿ ಬಟ್ಟೆ ತಂತಿಯ ಗಂಟು ಬಿಚ್ಚಿಸಿ ಮತ್ತೆ ನಡೆದ. ಈ ಸಲ ರಸ್ತೆಯಾಚೆಗೆ ಕಾಲಿಡುವಷ್ಟರಲ್ಲಿ ದನಿ ಸೊರಗಿತು. ಇನ್ನೆರಡು ಮನೆ ದಾಟಿದರೆ ಬರೀ ಗೊರಗೊರ. ಅಂದರೆ ಪೆಟ್ಟಿಗೆಯ ಸ್ವಂತ ಅಳವು ಇಷ್ಟೇ, ಉಳಿದದ್ದು ಬಟ್ಟೆ ತಂತಿಯದು; ಕದ್ದು ಕೇಳಲೆಂದು ಅದನ್ನಿಟ್ಟವನು ಇಷ್ಟರೊಳಗೇ ಕೂತಿರಬೇಕು. ಇಷ್ಟರೊಳಗಿದ್ದದ್ದು ಒಂದೇ ರೇಡಿಯೋ.

ಗೊಬ್ಬರದ ಅಂಗಡಿಗೆ ಹೋಗಿ, ಸ್ಟೇಷನ್ ತಿರುಗಿಸುವ ಮುಳ್ಳು ಅಲುಗಾಡಿಸದೆ, ಇದ್ದಂತೆಯೇ ಅಲ್ಲಿನ ರೇಡಿಯೋ ಹಚ್ಚಿದ.

"ಸಾಹೇಬ್ರೇ, ಸಾಕಾ? ಹಸಿವಾಗಿ ಒಂದು ಹಪ್ಪಳ ತಿಂದೆ ರೀ," ಎಂದಿತು ರೇಡಿಯೋ.

ಹಿಂದೆಯೇ ಬಂದಿದ್ದ ಮಲ್ಲಿಕಾರ್ಜುನಪ್ಪ ರೇಡಿಯೋ ಆರಿಸಿದ.

"ಬಟ್ಟೆ ತಂತಿಗೆ ಯಾಕೆ ಕಟ್ಟಿದ್ರಿ?"

"ಸರಿಯಾಗಿ ಕೇಳ್ತಿರ್ಲಿಲ್ಲ. ತಂತಿ ಉದ್ದ ಇದ್ರೆ ದನಿ ಬಿಚ್ಚಿ ಬರ್ತೈತೆ ಅಂದ ಮಾಡಿಕೊಟ್ಟೋನು. ಅಷ್ಟು ದೂರ ಹೋಗ್ತೈತೆ ಅಂತ ನನಗೇನು ಗೊತ್ತು?"

"ಇಟ್ಟಿದ್ಯಾಕೆ?"

"ಯಾರಿಗಾದ್ರೂ ಹೇಳಿಬಿಟ್ಟಾಳು ಅಂತ."

"ಎಂಟು ವರ್ಷ ಹೇಳಿರ್ಲಿಲ್ವಲ್ರೀ?"

ಸಂಜೆಗೆ ದಸ್ತಗಿರಿಯಾಯಿತು. ಹೆಂಡತಿ ಬಾಯಿ ಬಿಟ್ಟಾಳೆಂಬ ಹೆದರಿಕೆಯೊಂದೇ ಅವನಿಂದ ಇದನ್ನೆಲ್ಲ ಮಾಡಿಸಿತ್ತು. ಅವಳು ತಂಗಿಯ ಕಿವಿಗೆ ಹಾಕಿದ್ದನ್ನು ಊರಿನ ಕಿವಿಗೆ ಹಾಕಿದವನು ಅವನೇ.

ಠಾಣೆಗೆ ಓಡಿಬಂದ ಅತ್ತೆ ಅಜ್ಜಮ್ಮ ಸೊಸೆಯ ಕೈ ಹಿಡಿದಳು. "ಮನೆಗೆ ಬಾರವ್ವಾ. ಹೋಟ್ಲು ಮುಂದೆ ನಿಂತು ಒಂದು ಮಾತು ಹೇಳು. ನಾನಂದಿದ್ದು ಸುಳ್ಳು, ದೋಷ ನಂದೇ ಅಂತ. ಅಷ್ಟೇ."

ಸರ್ವಮಂಗಳಮ್ಮ ಲಾಕಪ್ಪಿನ ಕಡೆ ತಿರುಗಿದಳು. ಅದು ಬೇಡ ಎಂದು ಒಳಗಿದ್ದ ಗಂಡ ಹೇಳಲಿಲ್ಲ.

ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?