ಮೂರು ಸಲ ಬಿದ್ದ ಸ್ವಿಚ್ಚು

2025ರ ಜನವರಿ 21, ಮಂಗಳವಾರ, ಬೆಳಿಗ್ಗೆ 10.40. ಬೆಸಗರಹಳ್ಳಿ ಪೊಲೀಸ್ ಠಾಣೆಯ ಮುಂದೆ ಟ್ರಾಕ್ಟರೊಂದು ನಿಂತಿತು. ಇಳಿದವನು ಅದೇ ಊರಿನ ರೈತ ನಿಂಗಯ್ಯ, ವಯಸ್ಸು ಐವತ್ತೆಂಟು. ಬನಿಯನ್ನು ಒದ್ದೆಯಾಗಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಸುನಿತಾ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ.

"ನನ್ ಮಗಳಿಗೆ ಕರೆಂಟು ಒಡೀತು ಕಣವ್ವ. ಅಸಿ ಬಾಣಂತಿ. ಆ ವೈರಿಂಗ್ ಪುಟ್ಟರಾಜು ಕೊಂದ್ಬುಟ್ಟ. ಅವನ್ನ ಒಳಗೆ ಆಕಿ."

ಮಗಳ ಹೆಸರು ವೀಣ, ಇಪ್ಪತ್ತಾರು ವರ್ಷ. ಮಳವಳ್ಳಿಗೆ ಕೊಟ್ಟಿದ್ದ ಹುಡುಗಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗುವಿಗೆ ಹದಿನೇಳು ದಿನ. ಅಂದು ಬೆಳಿಗ್ಗೆ ಎಂಟು ಗಂಟೆಗೆ, ಹೊಸ ಮನೆಯ ಬಚ್ಚಲಲ್ಲಿ ನೀರು ಹಾಕಿಸಿಕೊಳ್ಳುವಾಗ ಸತ್ತಿದ್ದಳು. ಹೆಡ್ ಕಾನ್‌ಸ್ಟೇಬಲ್ ಚೌಡಯ್ಯ ದೂರು ಬರೆದು ಓದಿ ಹೇಳಿದ. ನಿಂಗಯ್ಯ ಸಹಿ ಹಾಕಿದ. 11.15ಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 106(1), ನಿರ್ಲಕ್ಷ್ಯದಿಂದ ಸಾವು, ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿ ಪುಟ್ಟರಾಜು, ವೈರಿಂಗ್ ಗುತ್ತಿಗೆದಾರ, ಮದ್ದೂರು.

12.05ಕ್ಕೆ ಸ್ಥಳ ಪಂಚನಾಮೆ. ಬಚ್ಚಲಿನ ಗೋಡೆಗೆ ಮೇಲಿನವರೆಗೂ ಹೂವಿನ ಟೈಲ್ಸು. ಅದನ್ನು ಆರಿಸಲು ಮನೆಯವರು ಮಂಡ್ಯದಲ್ಲಿ ನಾಲ್ಕು ಅಂಗಡಿ ಸುತ್ತಿದ್ದರಂತೆ. ಕರೆಂಟಿನ ವೈರಿಗಾಗಿ ಯಾರೂ ಯಾವ ಅಂಗಡಿಯನ್ನೂ ಸುತ್ತುವುದಿಲ್ಲ. ಅದು ಗೋಡೆಯೊಳಗಿರುತ್ತದೆ, ಗೃಹಪ್ರವೇಶಕ್ಕೆ ಬಂದ ನೆಂಟರ ಕಣ್ಣಿಗೆ ಬೀಳುವುದಿಲ್ಲ.

ಮೂಲೆಯಲ್ಲಿ ದೊಡ್ಡ ತಾಮ್ರದ ಹಂಡೆ, ಅದರೊಳಗೆ ನೀರು ಕಾಯಿಸುವ ಕರೆಂಟು ರಾಡು. ರಾಡಿನ ವೈರು ಹೋಗಿದ್ದು ಹಂಡೆಯ ಪಕ್ಕದ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದ ಸಾಕೆಟ್ಟಿಗೆ. ನೀರು ಹಾಕಿಸಿಕೊಳ್ಳುವವರು ಕೂರುವ ಮಣೆ ಅಲ್ಲಿಂದ ಒಂದು ಮಾರು ದೂರವೂ ಇರಲಿಲ್ಲ. ಮಣೆಯ ಮೇಲೆ ಸೀಗೆಪುಡಿ ಇನ್ನೂ ಒದ್ದೆಯಾಗಿತ್ತು. ಚೌಡಯ್ಯ ಮುಖ ತಿರುಗಿಸಿಕೊಂಡ.

ಮಧ್ಯಾಹ್ನ ಮಂಡ್ಯದಿಂದ ಸಹಾಯಕ ವಿದ್ಯುತ್ ಪರಿವೀಕ್ಷಕರು ಬಂದರು. ಹಂಡೆ ನೋಡಿದರು, ಸಾಕೆಟ್ ನೋಡಿದರು, ತಲೆ ಚಚ್ಚಿಕೊಂಡರು.

"ಸ್ನಾನ ಮಾಡುವವರ ಕೈಗೆ ಎಟಕುವಂತೆ ಸಾಕೆಟ್ ಇರಲೇಬಾರದು ಮೇಡಂ. ಸ್ವಿಚ್ಚೂ ಬಾಗಿಲಾಚೆ ಇರಬೇಕು. ಈ ರಾಡಿನ ಹೊದಿಕೆ ತೂತು ಬಿದ್ದಿದೆ, ಅರ್ಥಿಂಗ್ ವೈರು ಕಿತ್ತಿದೆ. ಕರೆಂಟು ನೀರಿಗೆ, ನೀರಿನಿಂದ ಹಂಡೆಗೆ. ಆಯಮ್ಮ ಒದ್ದೆ ಕೈಯಲ್ಲಿ ಹಂಡೆ ಮುಟ್ಟಿದ್ದಾಳೆ, ಅಷ್ಟೆ."

"ಇಂಥದ್ದಕ್ಕೇ ಅಂತ, ಕರೆಂಟು ಸೋರಿದರೆ ತಾನಾಗೇ ಬೀಳೋ ಟ್ರಿಪ್ ಸ್ವಿಚ್ ಇರುತ್ತಲ್ಲ?"

"ಅದೂ ಇದೆ. ಬನ್ನಿ."

ಪಡಸಾಲೆಯ ಬೋರ್ಡಿನ ಮುಚ್ಚಳ ಬಿಚ್ಚಿದರು. ಟ್ರಿಪ್ ಸ್ವಿಚ್ಚಿನ ಮೇಲಿನ ತಿರುಪಿನಿಂದ ಕೆಳಗಿನ ತಿರುಪಿಗೆ ಎರಡು ದಪ್ಪ ತಂತಿ ಎಳೆದಿತ್ತು. ಕರೆಂಟು ಸ್ವಿಚ್ಚಿನ ಮೂಲಕ ಹಾಯದೆ ನೇರ ಮನೆಯೊಳಗೆ ಹೋಗುತ್ತಿತ್ತು. ತಂತಿಗಳ ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಅಚ್ಚುಕಟ್ಟಾಗಿ ಸುತ್ತಿ, ತುದಿಯನ್ನು ಒಳಕ್ಕೆ ಮಡಚಿ ಸಿಕ್ಕಿಸಿತ್ತು. ತಂತಿ, ಸ್ವಿಚ್ಚು, ರಾಡು, ಸಾಕೆಟ್ ಎಲ್ಲವನ್ನೂ ಪಂಚರ ಸಮಕ್ಷಮ ಜಪ್ತಿ ಮಾಡಿದರು.

ಸಂಜೆ 4.30ಕ್ಕೆ ಪುಟ್ಟರಾಜು ತಾನಾಗಿಯೇ ಠಾಣೆಗೆ ಬಂದ. ಒಂದು ಕಿವಿ ಊದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಾರಿಸಿದ್ದರು.

"ಒಳಗೆ ಸಾಕೆಟ್ ಕೊಟ್ಟಿದ್ದು ನೀನಾ?"

"ಇಲ್ಲ ಮೇಡಂ. ಕೊಡು ಅಂದ್ರು, ಆಗಲ್ಲ ಅಂದೆ. ಸ್ವಿಚ್ಚು ಬಾಗಿಲಾಚೆ ಆಕಿದ್ದೆ."

"ಟ್ರಿಪ್ ಸ್ವಿಚ್ಚಿಗೆ ತಂತಿ?"

"ನಂದಲ್ಲ. ಕೆಲಸ ಮುಗಿದ ದಿನ ಪೋಟೋ ಇಡ್ಕಂಡಿದ್ದೆ, ನೋಡಿ." ಫೋನು ಮುಂದೆ ಚಾಚಿದ. "ನನ್ ಲೈಸೆನ್ಸ್ ಓಯ್ತು ಅಂದ್ರೆ ನಾನೂ ಸತ್ತಂಗೇಯ."

ಫೋಟೋದಲ್ಲಿ ತಂತಿ ಇರಲಿಲ್ಲ. ಬಚ್ಚಲ ಗೋಡೆ ಬರಿದಾಗಿತ್ತು. ದಿನಾಂಕ, 2024ರ ನವೆಂಬರ್ 8.

ಮರುದಿನ ಬೆಳಿಗ್ಗೆ 9.20ಕ್ಕೆ ಚಿಕ್ಕಬೋರಮ್ಮನ ಹೇಳಿಕೆ. ಊರಿನ ಬಾಣಂತಿಯರಿಗೆಲ್ಲ ನೀರು ಹಾಕುವ ಮುದುಕಿ. ಅತ್ತೂ ಅತ್ತೂ ದನಿ ಕಟ್ಟಿತ್ತು.

"ಬಾಣಂತಿಗೆ ಹಂಡೆ ತುಂಬ ಸುಡುನೀರು ಬೇಕು ಕಣವ್ವ. ಅಳೇ ಮನೇಲಿ ಸೌದೆ ಒಲೆ ಇತ್ತು. ಇಲ್ಲಿ ಟೈಲ್ಸ್ ಮ್ಯಾಲೆ ಒಗೆ ಮಸಿ ಕೂತ್ಕತದೆ ಅಂತ ರಾಡು ಬುಟ್ರು. ಮೊದಲ್ನೇ ದಿನ ನೀರುಯ್ತಾ ಇವ್ನಿ, ಕರೆಂಟು ಓಯ್ತು. ಆಕುದ್ರು, ತಿರಗ ಓಯ್ತು. ಮಾರನೇ ದಿನವೂ ಅಂಗೇ."

"ಒಟ್ಟು ಎಷ್ಟು ಸಲ?"

"ಮೂರು ಸಲ. ನಾನೇ ಬೈದೆ. ಅರ್ಧಕ್ಕೆ ನೀರು ತಣ್ಣಗಾದ್ರೆ ಬಾಣಂತಿಗೆ ಸೀತ ಒಡೀತದೆ, ಸನ್ನಿ ಆಯ್ತದೆ ಅಂದೆ. ಆಮ್ಯಾಕೆ ಒಂದಪನೂ ಕರೆಂಟು ಓಗಲಿಲ್ಲ."

"ರಿಪೇರಿ ಮಾಡಿದ್ದು ಯಾರು?"

"ನಂಗೇನ್ ಗೊತ್ತವ್ವ. ದಿನಾ ನಾನೇ ಪಿಲಾಸ್ಟಿಕ್ ಚೊಂಬಲ್ಲಿ ಮೊಗ್ದು ಉಯ್ತಿದ್ದೆ, ಹಂಡೆ ಯಾರೂ ಮುಟ್ತಿರಲಿಲ್ಲ. ನಿನ್ನೆ ಸಾಂಬ್ರಾಣಿಗೆ ಕೆಂಡ ತರಕ್ಕೆ ಆಚಿಗೆ ಓಗಿದ್ದೆ. ಬರೋಷ್ಟ್ರಲ್ಲಿ..." ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮುದುಕಿ ಹೋದಮೇಲೆ ಚೌಡಯ್ಯ ಜಪ್ತಿ ಮಾಡಿದ ತಂತಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಈ ಟ್ಯೂಬು ಸುತ್ತೋ ಕೈ ನಂಗೊತ್ತು ಮೇಡಂ. ಬಸರಾಳಿನ ನಮ್ ಗದ್ದೆ ಪಂಪಿನ ಸ್ಟಾರ್ಟರ್‌ಗೂ ಇಂಗೇ ಸುತ್ತವ್ನೆ. ನಾನೇ ಕರ್ಸಿ ಮಾಡ್ಸಿದ್ದೆ."

"ಯಾರನ್ನ ಕರೆಸಿದ್ದೆ?"

ಚೌಡಯ್ಯ ತಂತಿಯನ್ನು ಮೇಜಿನ ಮೇಲಿಟ್ಟ. "ಡೈರೆಕ್ಟ್ ನಿಂಗಯ್ಯ ಅಂತಾರೆ. ಸುತ್ತ ಊರೋರೆಲ್ಲ ಅವನ್ನೇ ಕರೆಯೋದು."

ಈ ಸೀಮೆಯಲ್ಲಿ ಪಂಪ್‌ಸೆಟ್ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೋಲ್ಟೇಜು ಕುಣಿದರೆ ಸ್ಟಾರ್ಟರು ಟ್ರಿಪ್ ಆಗುತ್ತದೆ, ಮೋಟರು ನಿಲ್ಲುತ್ತದೆ, ಕರೆಂಟಿರುವ ಮೂರು ಗಂಟೆಯಲ್ಲಿ ಗದ್ದೆ ನೆನೆಯಬೇಕು. ಆಗ ಟ್ರಿಪ್ ಆಗುವ ಭಾಗವನ್ನು ತಪ್ಪಿಸಿ ನೇರ ತಂತಿ ಎಳೆದುಬಿಡುತ್ತಾರೆ. ಅದಕ್ಕೆ ಡೈರೆಕ್ಟ್ ಮಾಡುವುದು ಎಂದು ಹೆಸರು. ತಪ್ಪೆಂದು ಯಾರಿಗೂ ಅನ್ನಿಸಿಲ್ಲ, ಪೊಲೀಸಿನವನಿಗೂ ಅನ್ನಿಸಿರಲಿಲ್ಲ. ಹೆಚ್ಚೆಂದರೆ ಮೋಟರು ಸುಡುತ್ತದೆ.

11.45ಕ್ಕೆ ನಿಂಗಯ್ಯನ ಪಂಪ್‌ಹೌಸಿನ ಪಂಚನಾಮೆ ನಡೆಯಿತು. ಸ್ಟಾರ್ಟರಿನಲ್ಲಿ ಅದೇ ದಪ್ಪದ ತಂತಿ, ಅದೇ ಟ್ಯೂಬಿನ ಪಟ್ಟಿ, ತುದಿ ಒಳಕ್ಕೆ ಮಡಚಿತ್ತು.

ಸುನಿತಾ ಜೀಪು ಹತ್ತಿದರು. ಮಗಳನ್ನು ಕಳೆದುಕೊಂಡವನಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು? ಹೇಳದಿದ್ದರೆ ಪುಟ್ಟರಾಜು ಜೈಲಿಗೆ ಹೋಗುತ್ತಾನೆ. ಎರಡು ವರ್ಷದ ನೌಕರಿಯಲ್ಲಿ ಮೊದಲ ಸಲ ಅವರಿಗೆ ಯೂನಿಫಾರ್ಮು ಬೇಡವೆನ್ನಿಸಿತು.

ಜನವರಿ 23, ಬೆಳಿಗ್ಗೆ 10 ಗಂಟೆ. ನಿಂಗಯ್ಯ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ.

"ಪುಟ್ಟರಾಜುನ ಇಡುದ್ರಾ ಅವ್ವ?"

"ಬೋರ್ಡಿನಲ್ಲಿ ತಂತಿ ಎಳೆದಿದ್ದು ಯಾರು?"

"ನಾನೇಯ. ಅವನು ಆಕಿದ್ದ ಡಬ್ಬ ಕೆಟ್ಟೋಗಿತ್ತು. ಸುಮ್ಸುಮ್ಕೆ ಬೀಳೋದು. ಡೈರೆಕ್ಟ್ ಕೊಟ್ಟೆ."

"ಬಚ್ಚಲೊಳಗೆ ಸಾಕೆಟ್?"

"ಅದೂ ನಾನೇಯ. ರಾಡಿನ ವೈರು ಆಚೆಗೆ ಎಟಕಲ್ಲವಲ್ಲ."

ಅವನ ಮುಖದಲ್ಲಿ ಮುಚ್ಚುಮರೆ ಕಾಣಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ. ಸುನಿತಾ ಪರಿವೀಕ್ಷಕರ ವರದಿ ತೆಗೆದರು. ಜಪ್ತಿಯಾದ ಟ್ರಿಪ್ ಸ್ವಿಚ್ಚನ್ನು ಪರೀಕ್ಷಿಸಲಾಗಿದೆ, ಯಾವ ದೋಷವೂ ಇಲ್ಲ ಎಂದಿತ್ತು.

"ಅದು ಕೆಟ್ಟಿರಲಿಲ್ಲ ನಿಂಗಯ್ಯ. ರಾಡಿನಿಂದ ಹಂಡೆಗೆ ಕರೆಂಟು ಬರ್ತಿತ್ತು. ಅದಕ್ಕೇ ಬೀಳ್ತಿತ್ತು."

ನಿಂಗಯ್ಯ ವರದಿಯನ್ನು ನೋಡಿದ, ಸುನಿತಾರನ್ನು ನೋಡಿದ. ಗೋಡೆಯ ಗಡಿಯಾರದಲ್ಲಿ 10.12.

"ಬಿದ್ದಿದ್ದು... ನನ್ ಮಗಳ್ನ ಉಳ್ಸಕ್ಕಾ?"

"ಹೌದು."

"ಮೂರು ಸಲವೂವಾ?"

ಸುನಿತಾ ತಲೆಯಾಡಿಸಿದರು. ಅವನು ಚೀರಲಿಲ್ಲ. ಎರಡೂ ಅಂಗೈಗಳನ್ನು ಮುಂದೆ ಹಿಡಿದು, ಅವು ಬೇರೆ ಯಾರವೋ ಎನ್ನುವಂತೆ ನೋಡುತ್ತ ಕುಳಿತ. ಚೌಡಯ್ಯ ನೀರು ತಂದಿಟ್ಟ. ಅದು ಹಾಗೇ ಉಳಿಯಿತು.

10.50ಕ್ಕೆ ದಸ್ತಗಿರಿ ತೋರಿಸಲಾಯಿತು. ಹೇಳಿಕೆಯ ಕೊನೆಯ ಸಾಲನ್ನು ಅವನೇ ಹೇಳಿ ಬರೆಸಿದ. ಬಾಣಂತಿ ಮಗಳಿಗೆ ಸೀತವಾಗಬಾರದು, ನೀರು ನಡುವೆ ತಣ್ಣಗಾಗಬಾರದು ಎಂದು ಮಾಡಿದೆ, ಬೇರೆ ದುರುದ್ದೇಶ ಇಲ್ಲ. ಜಾಮೀನು ಸಿಗುವ ಕೇಸು, ಇವತ್ತೇ ಮನೆಗೆ ಹೋಗಬಹುದು ಎಂದು ಸುನಿತಾ ಹೇಳಿದರು.

"ಯಾವ್ ಮನೆಗವ್ವ?" ಎಂದ. ಸುದ್ದಿ ಅಷ್ಟರಲ್ಲಾಗಲೇ ಹಬ್ಬಿತ್ತು. ಅಳಿಯ ಸ್ವಾಮಿ ಮಗುವನ್ನು ಎತ್ತಿಕೊಂಡು ಮಳವಳ್ಳಿಯ ಬಸ್ಸು ಹತ್ತಿದ್ದ. ಹೆಂಡತಿ ಅಂಕಮ್ಮ ಬಾಗಿಲು ಹಾಕಿಕೊಂಡಿದ್ದಳು.

ಚೌಡಯ್ಯ ಅವನ ಜೇಬಿನಲ್ಲಿದ್ದುದನ್ನು ಪಟ್ಟಿ ಮಾಡುತ್ತಿದ್ದ. ಒಂದು ಟೆಸ್ಟರು, ಒಂದು ಕಟಿಂಗ್ ಪ್ಲೇಯರು, ಸೈಕಲ್ ಟ್ಯೂಬಿನ ತುಂಡು, ಮೊಬೈಲು. ಮೊಬೈಲು ಬಡಿದುಕೊಂಡಿತು. ಸುನಿತಾ ಸ್ಪೀಕರ್ ಒತ್ತಿದರು. ಇನ್ನೂ ಸುದ್ದಿ ತಿಳಿಯದ, ಹನಕೆರೆಯ ದೊಡ್ಡಸಿದ್ದಯ್ಯ.

"ನಿಂಗಣ್ಣ, ಹೊಸ ಮನೆ ಕರೆಂಟು ಸುಮ್ಸುಮ್ಕೆ ಬಿದ್ದೋಯ್ತದೆ ಕಣಣ್ಣ. ಸೊಸೆ ನೀರು ಕಾಯಿಸಕ್ಕೆ ಆಯ್ತಿಲ್ಲ. ಒಸಿ ಬಂದು ಡೈರೆಕ್ಟ್ ಮಾಡ್ಕೊಟ್ಟೋಗು."

ನಿಂಗಯ್ಯ ಮೊಬೈಲಿನತ್ತ ಬಾಗಿದ.

"ಬೀಳ್ಲಿ ಬುಡ್ಲಾ," ಎಂದ. "ಅದನ್ನ ಮುಟ್ಬ್ಯಾಡ. ಬೀಳ್ಲಿ."

ಆಮೇಲೆ ಅತ್ತ.